ಕಿರಿಯರ ಪಾಲು

ಮಹಾನವಮಿ ಅಮಾವಾಸ್ಯೆ ಬಂತೆಂದರೆ ದೇವದುರ್ಗ ತಾಲ್ಲೂಕಿನ ಮನೆಗಳಲ್ಲಿ ಹಿರಿಯರ ನೆನಪು ಅಡುಗೆಮನೆಯಿಂದಲೇ ಶುರುವಾಗುತ್ತದೆ. ಅಜ್ಜನಿಗೆ ಧೋತರ, ಅಜ್ಜಿಗೆ ಸೀರೆ, ಅವರು ಇಷ್ಟಪಟ್ಟು ಉಣ್ಣುತ್ತಿದ್ದ ಪದಾರ್ಥ, ಬೀಡಿ ಸೇದುತ್ತಿದ್ದವರಿಗೆ ಬೀಡಿಯ ಕಟ್ಟು. ಎಡೆ ಇಟ್ಟು, ಕಾಯಿ ಒಡೆದು, ಹೆಸರು ಹೇಳಿ ಕೈ ಮುಗಿಯುತ್ತಾರೆ. ಆದರೆ ಅದೇ ಮನೆಯಲ್ಲಿ ನಾಲ್ಕು ವರ್ಷದ ಕೂಸು ತೀರಿಕೊಂಡಿದ್ದರೆ ಅದಕ್ಕೆ ಸಾಮಾನ್ಯವಾಗಿ ಎಡೆ ಇಲ್ಲ. ಹಿರಿಯರ ಸಾಲಿಗೆ ಸೇರಲು ಅದಕ್ಕೆ ವಯಸ್ಸು ಸಾಲದು, ಉಣ್ಣುವವರ ಸಾಲಿನಲ್ಲಿ ಕೂಡಿಸಲು ಅದು ಇಲ್ಲ.

ಶಾಸ್ತ್ರ ಬರೆದವರೂ ಈ ವಿಷಯದಲ್ಲಿ ಜಿಪುಣರೇ. ಎರಡು ವರ್ಷ ತುಂಬದ ಮಗುವನ್ನು ಸುಡದೆ ಊರಾಚೆ ಹೂಳಬೇಕು, ಮೂರು ತುಂಬದ ಮಗುವಿಗೆ ತರ್ಪಣ ಬಿಡಬೇಕಿಲ್ಲ ಎನ್ನುತ್ತದೆ ಮನುಸ್ಮೃತಿಯ 5ನೇ ಅಧ್ಯಾಯ. ಆ ಗ್ರಂಥದ ಹೆಸರನ್ನೂ ಕೇಳದ ಮನೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಕೂಸನ್ನು ಹೊಲದ ಬದುವಿಗೋ ಹಳ್ಳದ ದಂಡೆಗೋ ಒಯ್ದು ಮಣ್ಣು ಮಾಡುತ್ತಾರೆ. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದು ಹೊಲಗಳು ಗದ್ದೆಯಾದ ಮೇಲೆ ಎಷ್ಟೋ ಬದುಗಳೇ ಇಲ್ಲವಾದವು.

ಹಿಂದಿನವರಿಗೆ ಕರುಳು ಇರಲಿಲ್ಲವೆಂದಲ್ಲ. ಹೆತ್ತ ಎಂಟರಲ್ಲಿ ಮೂರೋ ನಾಲ್ಕೋ ಉಳಿಯುತ್ತಿದ್ದ ಕಾಲದಲ್ಲಿ ಒಂದೊಂದಕ್ಕೂ ವರ್ಷವಿಡೀ ಅತ್ತರೆ ಬಿತ್ತುವವರು ಯಾರು, ಅಳೆಯುವವರು ಯಾರು? ಹುಟ್ಟಿದ್ದು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದರು. ಸಾವಿಗೆ ಬೇಡವಾಗಲಿ ಎಂಬ ಉಪಾಯ ಅದು. ಹೀಗೆ ಉಳಿದ ತಿಪ್ಪಣ್ಣ ಎಪ್ಪತ್ತು ವರ್ಷ ತನ್ನ ಸತ್ತ ಅಕ್ಕ–ಅಣ್ಣಂದಿರ ನೆನಪನ್ನು ಹೆಸರಿನಲ್ಲೇ ಹೊತ್ತು ತಿರುಗಿದ.

ಈಗ ಕಾಲ ಬದಲಾಗಿದೆ. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಾವಿರ ಜೀವಂತ ಜನನಕ್ಕೆ ಶಿಶು ಮರಣ 19. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಅದು ಐವತ್ತರ ಮೇಲಿತ್ತು. ರಾಯಚೂರು ಜಿಲ್ಲೆಯ ಪಾಲಿಗೆ ಈ ಇಳಿಕೆ ತಡವಾಗಿಯೇ ಬಂತು. ಇಲ್ಲಿನ ಅಪೌಷ್ಟಿಕ ಮಕ್ಕಳ ಸಾವು ಸುದ್ದಿಯಾದ ಮೇಲೆ ವಿಷಯ ಹೈಕೋರ್ಟ್‌ವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ವರದಿ ಕೊಡಬೇಕಾಯಿತು. ಸಾವು ಕಡಿಮೆಯಾದದ್ದು ಸಂತೋಷವೇ. ಆದರೆ ಒಂದು ಓಣಿಯಲ್ಲಿ ಐದಾರು ತಾಯಂದಿರು ಮಕ್ಕಳನ್ನು ಕಳೆದುಕೊಂಡಿದ್ದ ದಿನಗಳಲ್ಲಿ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಈಗ ಇಡೀ ಓಣಿಗೆ ಒಬ್ಬಳೇ. ಎರಡೇ ಮಕ್ಕಳ ಮನೆಯಲ್ಲಿ ಒಂದು ಹೋದರೆ ಅರ್ಧ ಮನೆ ಹೋದಂತೆ.

ಹಾಗಾದರೆ ನಮ್ಮ ಹಬ್ಬಗಳಲ್ಲಿ ಸತ್ತ ಮಗುವಿಗೆ ಎಲ್ಲೂ ಜಾಗವಿಲ್ಲವೇ? ಇದೆ. ಒಂದು ಜಾಗವಂತೂ ಊರ ನಡುವೆಯೇ ಇದೆ: ಮೊಹರಂನಲ್ಲಿ ಕೆಂಡ ಹಾಕುವ ಅಲಾಯಿ ಕುಣಿ.

ರಾಯಚೂರು ಸೀಮೆಯ ಮೊಹರಂ ಬರೀ ಮುಸ್ಲಿಮರದಲ್ಲ. ಮುದಗಲ್ಲಿನ ಹುಸೇನಿ ಆಲಂ ದರ್ಗಾಕ್ಕೆ ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದ ಜನ ಬರುವುದು ಎಲ್ಲರಿಗೂ ಗೊತ್ತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಸುತ್ತಿನ ಹಳ್ಳಿಗಳದ್ದು ಅಷ್ಟು ದೊಡ್ಡ ಗದ್ದಲವಲ್ಲ. ಬೆಂಗಳೂರು, ಪುಣೆಗೆ ಗುಳೆ ಹೋದವರು ಮೇಸ್ತ್ರಿಯ ಹತ್ತಿರ ಜಗಳಾಡಿಯಾದರೂ ರಜೆ ತೆಗೆದುಕೊಂಡು ಊರಿಗೆ ಬರುವ ಹಬ್ಬ ಇದು. ಚಂದ್ರ ಕಂಡ ಮೇಲೆ ಕುಣಿಗೆ ಗುದ್ದಲಿ ಬೀಳುತ್ತದೆ, ಪೆಟ್ಟಿಗೆಯೊಳಗಿನ ಪಂಜಾ ಹೊರಗೆ ಬರುತ್ತವೆ, ಹಲಗೆಗೆ ಹೆಜ್ಜೆ ಕೂಡುತ್ತದೆ. ಹುಸೇನಪ್ಪ, ಮೌಲಪ್ಪ, ಫಕೀರಪ್ಪ ಎಂಬ ಹೆಸರಿನ ಹಿಂದೂ ಗಂಡಸರು ಕೆಂಪು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ.

ಈ ಹತ್ತು ದಿನಗಳ ಕಥೆಯ ತಿರುಳೇ ಮಕ್ಕಳ ಸಾವು. ಕ್ರಿ.ಶ. 680ರ ಅಕ್ಟೋಬರ್ 10ರಂದು ಕರ್ಬಲಾದಲ್ಲಿ ಇಮಾಂ ಹುಸೇನರ ಜೊತೆ ಮಡಿದವರಲ್ಲಿ ಅವರ ಅಣ್ಣ ಹಸನರ ಮಗ ಖಾಸಿಂ ಇನ್ನೂ ಮೀಸೆ ಮೂಡದ ಹುಡುಗ. ಅಲಿ ಅಸ್ಗರ್ ಆರು ತಿಂಗಳ ಕೂಸು. ನೀರಿಗಾಗಿ ತಂದೆ ಎತ್ತಿ ಹಿಡಿದಾಗ ಆ ಕೂಸಿನ ಕೊರಳಿಗೆ ಬಾಣ ಬಿತ್ತೆಂದು ಹೇಳುತ್ತಾರೆ. ರಿವಾಯತ್ ಪದ ಹಾಡುವವರು ಇದನ್ನು ಕನ್ನಡದಲ್ಲೇ, ನಮ್ಮ ಸೀಮೆಯ ಮಾತಿನಲ್ಲೇ ಹಾಡುತ್ತಾರೆ. ಕತ್ತಲ ರಾತ್ರಿ ಕುಣಿಯಲ್ಲಿ ಕೆಂಡ ನಿಗಿನಿಗಿ ಎನ್ನುವ ಹೊತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತ ಹೆಂಗಸು ಯಾರಿಗಾಗಿ ಅಳುತ್ತಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಉಳಿದ ಹಬ್ಬಗಳಲ್ಲಿ ಅತ್ತರೆ ಅಪಶಕುನ. ಇಲ್ಲಿ ಅಳುವುದೇ ಹಬ್ಬ. ಅಲಾಯಿ ಮುಂದೆ ಸಕ್ಕರೆ ಓದಿಸುವಾಗ ಮುಜಾವರ್ "ಯಾರ ಹೆಸರ್ಲೆ?" ಎನ್ನುತ್ತಾನೆ. ಆಕೆ ಹೆಸರು ಹೇಳುತ್ತಾಳೆ. ಹೆಸರಿನವ ಬದುಕಿದ್ದಾನೋ ಇಲ್ಲವೋ ಎಂಬುದು ಮುಜಾವರನಿಗೆ ಬೇಕಿಲ್ಲ. ಓದಿ, ಚಿಟಿಕೆ ಸಕ್ಕರೆ ತೆಗೆದುಕೊಂಡು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಡುತ್ತಾನೆ. ಮನೆಗೆ ಬಂದ ಮೇಲೆ ಆ ಸಕ್ಕರೆ ಉಳಿದ ಮಕ್ಕಳ ಅಂಗೈಗೆ.

ಇಷ್ಟು ಸರಳವಾದದ್ದು ಉಳಿದ ಹಬ್ಬಗಳಲ್ಲಿ ಯಾಕಿಲ್ಲ ಎಂದು ನನಗೆ ಆಗಾಗ ಅನಿಸುತ್ತದೆ. ಮೆಕ್ಸಿಕೊದವರು ಸತ್ತವರ ಹಬ್ಬದಲ್ಲಿ ನವೆಂಬರ್ 1ನ್ನು ಮಕ್ಕಳಿಗೆಂದೇ ಎತ್ತಿಟ್ಟು, ಆಟಿಕೆ, ಮಿಠಾಯಿ ಇಡುತ್ತಾರೆ. ಡಿಸೆಂಬರಿನ ಎರಡನೇ ಭಾನುವಾರ ಸಂಜೆ ಏಳಕ್ಕೆ, ಮಕ್ಕಳನ್ನು ಕಳೆದುಕೊಂಡವರು ಹಲವು ದೇಶಗಳಲ್ಲಿ ಮೇಣದಬತ್ತಿ ಹಚ್ಚುವ ರೂಢಿ 1990ರ ದಶಕದಿಂದ ಬೆಳೆದಿದೆ. ಅದನ್ನೆಲ್ಲ ಇಲ್ಲಿಗೆ ತಂದು ನೆಡಬೇಕಿಲ್ಲ. ನಮ್ಮಲ್ಲಿ ಪಂಚಮಿ ಇದೆ.

ನಾಗರ ಪಂಚಮಿಗೆ ಹಾಲೆರೆಯುವಾಗ ಉತ್ತರ ಕರ್ನಾಟಕದ ಹೆಂಗಸರು ಒಬ್ಬೊಬ್ಬರ ಪಾಲು ಎಂದು ಹೇಳುತ್ತಾ ಎರೆಯುತ್ತಾರೆ. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ಕಿರಿಯರ ಪಾಲು, ಆಮೇಲೆ ಮನೆಮಂದಿಯ ಹೆಸರು. ಕೊಬ್ಬರಿ ಬಟ್ಟಲಲ್ಲಿ ಹಾಲು, ಬೆಲ್ಲ, ಪಕ್ಕದಲ್ಲಿ ಅಳ್ಳು, ತಂಬಿಟ್ಟು. ಹೋದ ಮಗುವಿನ ಹೆಸರು ಬರಬೇಕಾದ ಜಾಗದಲ್ಲಿ ಮಾತು ತೊಡರುತ್ತದೆ. ಜಾಲಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಹೀಗೆ ತೊಡರಿದ ಸೊಸೆಗೆ ಅತ್ತೆ, "ಹಿರ್ಯಾರ ಪಾಲಿನ್ಯಾಗ ಬಂತು ಬಿಡವ್ವಾ" ಎಂದು ಸಮಾಧಾನ ಮಾಡಲು ಹೋದಳು. ಸೊಸೆಯ ಉತ್ತರ: "ಅವ ಹಿರ್ಯಾ ಹೆಂಗ ಆಗ್ತಾನತ್ತಿ? ಇನ್ನಾ ಒಂದ್ನೆತ್ತಿಗೇ ಹೆಸ್ರು ಹಚ್ಚಿದ್ದಿಲ್ಲ." ಕೊನೆಗೆ ಹೆಸರು ಹಿಡಿದೇ ಎರೆದರು. ಅತ್ತೆಯೇ ಮುಂದಾಗಿ ಹೇಳಿದಳು. ಹೋದ ಹುಡುಗನ ತಂಗಿಗೂ ಬೇಕಿದ್ದದ್ದು ಅದೇ. ಅಣ್ಣನ ಹೆಸರು ಎತ್ತಿದರೆ ಅವ್ವ ಅಳುತ್ತಾಳೆಂದು ಆ ಆರು ವರ್ಷದ ಹುಡುಗಿ ತಾನೇ ಬಾಯಿ ಬಿಗಿಹಿಡಿದಿದ್ದಳು.

ದೊಡ್ಡವರು ತಪ್ಪುವುದು ಇಲ್ಲಿಯೇ. ಮಗು ಹೋದ ಮೇಲಿನ ಮೊದಲ ಹಬ್ಬಕ್ಕೆ ಬೀಗರು ಸಿಹಿ ಹಿಡಿದು ಬರುತ್ತಾರೆ. ಮಳೆ, ಹತ್ತಿಯ ದರ, ಕಾಲುವೆಗೆ ನೀರು ಬಿಡುವ ದಿನ ಎಲ್ಲ ಮಾತಾಡುತ್ತಾರೆ. ಮಗುವಿನ ಹೆಸರು ಬಿಟ್ಟು. ಹೇಳಿದರೂ "ಮತ್ತೊಂದು ಆಗ್ತದ ಬಿಡು" ಎಂಬ ಮಾತು. ಆ ಮಾತಿಗಿಂತ ಸುಮ್ಮನಿರುವುದು ಲೇಸು, ಸುಮ್ಮನಿರುವುದಕ್ಕಿಂತ "ಅವಗ ಹೂರಣ ಭಾಳ ಸೇರ್ತಿತ್ತಲ್ಲ" ಎಂದು ನೆನೆಯುವುದು ಲೇಸು. ಒಂಬತ್ತು ಮಕ್ಕಳಲ್ಲಿ ಆರನ್ನು ಕಳೆದುಕೊಂಡ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹುಟ್ಟಿದ್ದು ಮಗುವಿನ ಸಾವಿನ ಹೊತ್ತಿನಲ್ಲಿ. ಅದನ್ನು ಪ್ರೇಮಗೀತೆಯೆಂದು ಮದುವೆ ಮನೆಗಳಲ್ಲಿ ಹಾಡುವವರು ಇನ್ನೂ ಇದ್ದಾರೆ.

ಊರಿಗೇ ಗೊತ್ತಾದ ಸಾವುಗಳ ಕಥೆ ಬೇರೆ. 2007ರ ಏಪ್ರಿಲ್‌ನಲ್ಲಿ ನೀರಮಾನ್ವಿಯ ಕೊಳವೆಬಾವಿಗೆ ಬಿದ್ದ ಬಾಲಕನನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡುತ್ತಾ ಕಾಯಿತು. ಉಳಿಯಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ತೆರೆದ ಕೊಳವೆಬಾವಿಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನ, ಮಾನ್ವಿ ತಾಲ್ಲೂಕಿನ ಕಪಗಲ್ ಹತ್ತಿರ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಹುಡುಗರು ಸತ್ತರು, ಕೆಲವು ಮಕ್ಕಳು ಕಾಲು ಕಳೆದುಕೊಂಡರು. ಆ ವರ್ಷ ಸೆಪ್ಟೆಂಬರ್ 7 ಗಣೇಶ ಚತುರ್ಥಿ. ಇನ್ನು ಆ ಮನೆಗಳಿಗೆ ಗಣಪತಿ ಬರುವ ಹೊತ್ತೂ ಅಪಘಾತದ ದಿನ ಬರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಬೀದಿಯಲ್ಲಿ ಪಟಾಕಿ ಹಾರುವಾಗ ಬಾಗಿಲು ಹಾಕಿಕೊಳ್ಳಬೇಕೋ, ಉಳಿದ ಮಗುವಿಗಾಗಿ ಪಂದಲ್‌ಗೆ ಹೋಗಬೇಕೋ? ಒಂದು ವರ್ಷ ಹಬ್ಬ ಬಿಡುವ ನಿಯಮ ದೊಡ್ಡವರ ದುಃಖಕ್ಕೆ ಸಾಕಾಗುತ್ತದೆ, ಹೊಸ ಅಂಗಿ ಕೇಳುವ ತಮ್ಮನಿಗೆ ಅದನ್ನು ವಿವರಿಸುವುದು ಕಷ್ಟ. ಹಬ್ಬ ಮಾಡಿ, ಅದರಲ್ಲಿ ಹೋದವನದ್ದೂ ಒಂದು ಪಾಲು ಇಡುವುದು ನನಗೆ ಮೇಲು ಕಾಣುತ್ತದೆ. ಆ ಪಾಲನ್ನು ಅಂಗನವಾಡಿಯ ಮಕ್ಕಳಿಗೆ ಹಂಚುವವರೂ ಇದ್ದಾರೆ, ಹಸುವಿಗೆ ತಿನ್ನಿಸುವವರೂ ಇದ್ದಾರೆ.

ಫೋಟೊದ್ದು ಇನ್ನೊಂದು ತಾಪತ್ರಯ. ಎಷ್ಟೋ ಮನೆಗಳಲ್ಲಿ ಇರುವುದು ಆಧಾರ್ ಕಾರ್ಡಿನ ಚಿತ್ರ ಒಂದೇ. ಸ್ಟುಡಿಯೊದವರು ಅದನ್ನೇ ಹಿಗ್ಗಿಸಿ, ಮುಖಕ್ಕೆ ಬಣ್ಣ ತುಂಬಿ, ಹುಡುಗ ಎಂದೂ ಹಾಕದ ಕೋಟು–ಟೈ ತೊಡಿಸಿ ಕಟ್ಟು ಹಾಕಿ ಕೊಡುತ್ತಾರೆ. ಹಬ್ಬದ ದಿನ ಅದಕ್ಕೊಂದು ಹೂವಿನ ಹಾರ. ನಿಜವಾದ ಹುಡುಗ ಇರುವುದು ಅಪ್ಪನ ಮೊಬೈಲಿನಲ್ಲಿ: ಬೆನ್ನು ತಿರುಗಿಸಿ ಕುಣಿಯುವ ಹನ್ನೆರಡು ಸೆಕೆಂಡಿನ ವಿಡಿಯೊ, ಅರ್ಧ ಕತ್ತಲು, ಹಿಂದೆ ಯಾರೋ ಬೈಯುವ ದನಿ. ಅಂಥದ್ದು ಇದ್ದವರು ಮೊದಲು ಅದನ್ನು ಮನೆಯ ಇನ್ನೆರಡು ಫೋನಿಗೆ ಕಳಿಸಿ ಇಟ್ಟುಕೊಳ್ಳಬೇಕು. ದೀಪಾವಳಿ ಆಫರ್‌ನಲ್ಲಿ ಹಳೆ ಹ್ಯಾಂಡ್‌ಸೆಟ್ ಕೊಟ್ಟು ಹೊಸದು ತಗೊಳ್ಳುವಾಗ ಅಂಗಡಿಯ ಹುಡುಗ ಎಲ್ಲ ಅಳಿಸಿಯೇ ಇಟ್ಟುಕೊಳ್ಳುತ್ತಾನೆ, ಕೇಳುವುದಿಲ್ಲ.