ಕಡಿದುಹೋದ ಕೈ: ಕಿರ್ಶ್ನರನ ಒಂದು ಸ್ವಚಿತ್ರ

ಯುದ್ಧವು ಸೈನಿಕನ ದೇಹದ ಮೇಲೆ ಮಾಡುವ ಗಾಯವನ್ನು ಚಿತ್ರಿಸುವುದು ಕಷ್ಟವಲ್ಲ. ಮನಸ್ಸಿನ ಮೇಲೆ ಮಾಡುವ ಗಾಯಕ್ಕೆ ರೂಪ ಕೊಡುವುದು ಹೇಗೆಂಬುದೇ ಕಲಾವಿದನಿಗೆ ಎದುರಾಗುವ ಪ್ರಶ್ನೆ. ಜರ್ಮನಿಯ ಎರ್ನ್‌ಸ್ಟ್ ಲುಡ್ವಿಗ್ ಕಿರ್ಶ್ನರ್ (1880–1938) 1915ರಲ್ಲಿ ರಚಿಸಿದ ‘ಸೈನಿಕನಾಗಿ ಸ್ವಚಿತ್ರ’ ಎಂಬ ತೈಲಚಿತ್ರ ಈ ಪ್ರಶ್ನೆಗೆ ದೊರೆತ ಒಂದು ಗಮನಾರ್ಹ ಉತ್ತರ.

ಕಿರ್ಶ್ನರ್ 1905ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಗೆಳೆಯರೊಡಗೂಡಿ ‘ಸೇತುವೆ’ ಎಂಬ ಹೆಸರಿನ ಕಲಾವಿದರ ಬಳಗವನ್ನು ಕಟ್ಟಿದವನು. ವಸ್ತುವಿನ ಯಥಾರ್ಥ ಬಣ್ಣಕ್ಕಿಂತ ಅದು ಮನಸ್ಸಿನಲ್ಲಿ ಎಬ್ಬಿಸುವ ಭಾವವೇ ಮುಖ್ಯವೆಂದು ನಂಬಿದ ಅಭಿವ್ಯಕ್ತಿವಾದಿಗಳಲ್ಲಿ ಪ್ರಮುಖ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರಿದ ಅವನು 1915ರಲ್ಲಿ ಹಾಲೆ ಪಟ್ಟಣದ 75ನೆಯ ಫಿರಂಗಿದಳದಲ್ಲಿ ತರಬೇತಿ ಪಡೆಯತೊಡಗಿದ. ಕೆಲವೇ ತಿಂಗಳಲ್ಲಿ ಅವನ ಮನಸ್ಸು ಕುಸಿಯಿತು. ಸೇನೆ ಅವನನ್ನು ಬಿಡುಗಡೆ ಮಾಡಿತು. ಆ ವರ್ಷವೇ ಹುಟ್ಟಿದ ಚಿತ್ರವಿದು.

ಚಿತ್ರದ ಮುನ್ನೆಲೆಯಲ್ಲಿ ಸಮವಸ್ತ್ರ ತೊಟ್ಟ ಕಲಾವಿದನಿದ್ದಾನೆ. ಭುಜಪಟ್ಟಿಯ ಮೇಲೆ 75 ಎಂಬ ಅಂಕಿ. ಹಳದಿಗಟ್ಟಿದ ನೀಳ ಮುಖ, ತುಟಿಯಿಂದ ಜೋತ ಸಿಗರೇಟು, ಪಾಪೆಗಳಿಲ್ಲದ ಬರಿದಾದ ಕಣ್ಣುಗಳು. ಹಿನ್ನೆಲೆಯಲ್ಲಿ ನಗ್ನ ರೂಪದರ್ಶಿ ನಿಂತಿದ್ದಾಳೆ. ಇದು ರಣರಂಗವಲ್ಲ, ಚಿತ್ರಶಾಲೆ. ಎತ್ತಿ ಹಿಡಿದ ಬಲಗೈಯಾದರೋ ಮಣಿಕಟ್ಟಿನಲ್ಲಿ ಕಡಿದುಹೋಗಿದೆ.

ವಾಸ್ತವವಾಗಿ ಕಿರ್ಶ್ನರ್ ಯುದ್ಧದಲ್ಲಿ ಹೋರಾಡಿದವನಲ್ಲ, ಕೈ ಕಳೆದುಕೊಂಡವನೂ ಅಲ್ಲ. ಹಾಗೆಂದು ಈ ಗಾಯ ಸುಳ್ಳೆನ್ನಲಾಗದು. ಚಿತ್ರಕಾರನಿಗೆ ಕೈಯೆಂಬುದು ಕೇವಲ ಅವಯವವಲ್ಲ, ಬದುಕಿನ ಆಧಾರ. ಇನ್ನು ಚಿತ್ರ ಬರೆಯಲಾರೆನೆಂಬ ಭಯವೇ ಇಲ್ಲಿ ಕಡಿದ ಕೈಯಾಗಿ ಮೂಡಿದೆ. ಬೆನ್ನ ಹಿಂದಿರುವ ರೂಪದರ್ಶಿಯತ್ತ ಅವನು ತಿರುಗಿಯೂ ನೋಡುತ್ತಿಲ್ಲ. ಸೈನಿಕ ತನ್ನ ಮನೆಗೆ ಮರಳಬಹುದು, ಆದರೆ ತನ್ನ ಕೆಲಸಕ್ಕೆ, ತನ್ನತನಕ್ಕೆ ಮರಳಬಲ್ಲನೆ ಎಂಬ ಸಂಕಟ ಚಿತ್ರದ ತಿರುಳು. ಇಲ್ಲವಾದ ಕೈಯನ್ನು ಬರೆದದ್ದು ಇದ್ದ ಕೈಯೇ ಎಂಬುದನ್ನೂ ಮರೆಯುವಂತಿಲ್ಲ.

1937ರಲ್ಲಿ ನಾಜಿ ಆಡಳಿತವು ಜರ್ಮನಿಯ ಸಂಗ್ರಹಾಲಯಗಳಿಂದ ಕಿರ್ಶ್ನರನ ಆರುನೂರಕ್ಕೂ ಹೆಚ್ಚು ಕೃತಿಗಳನ್ನು ವಶಪಡಿಸಿಕೊಂಡಿತು. ಈ ಚಿತ್ರವನ್ನು ‘ಅಧಃಪತಿತ ಕಲೆ’ ಎಂಬ ಪ್ರದರ್ಶನದಲ್ಲಿ ಹೀನಾಯವಾದ ಹೆಸರಿಟ್ಟು ತೂಗುಹಾಕಿತು. ಸೈನಿಕನನ್ನು ವೀರನೆಂದಷ್ಟೇ ಕಾಣಬಯಸಿದವರಿಗೆ ಈ ಸೋತ ಸೈನಿಕ ಸಹ್ಯನಾಗಲಿಲ್ಲ. ಮರುವರ್ಷ ಜೂನ್ ತಿಂಗಳಲ್ಲಿ ಕಿರ್ಶ್ನರ್ ಸ್ವಿಟ್ಜರ್ಲೆಂಡಿನ ದಾವೋಸ್ ಬಳಿ ಆತ್ಮಹತ್ಯೆ ಮಾಡಿಕೊಂಡ. ಚಿತ್ರವೀಗ ಅಮೆರಿಕದ ಓಬರ್ಲಿನ್ ಕಾಲೇಜಿನ ಕಲಾಸಂಗ್ರಹಾಲಯದಲ್ಲಿದೆ.

ಯುದ್ಧದಲ್ಲಿ ಸತ್ತವರನ್ನೂ ಅಂಗವಿಕಲರಾದವರನ್ನೂ ಎಣಿಸುವ ಪಟ್ಟಿಗಳಲ್ಲಿ ಇಂಥ ಸೈನಿಕರಿಗೆ ಎಡೆಯಿಲ್ಲ. ಆ ಪಟ್ಟಿಗಳು ಬಿಟ್ಟ ಲೆಕ್ಕವನ್ನು ಈ ಚಿತ್ರ ಹೇಳುತ್ತದೆ.