ಅರಸೀಕೆರೆಯ ನೆಲವನ್ನೂ ಮುಟ್ಟುವ ಧ್ರುವಪ್ರಭೆಯ ಮಿಡಿತ

ಅಲಿಬಾಗಿನ ಕಾಂತೀಯ ವೀಕ್ಷಣಾಲಯದ ಹಳೆಯ ಕಟ್ಟಡ ನೋಡಿ ಬಂದ ಪುಳಕ ಇನ್ನೂ ಇಳಿದಿಲ್ಲ. ಗೋಡೆಗೆ ಪೋರಬಂದರಿನ ಕಲ್ಲು, ಜೋಡಣೆಗೆ ತೇಗ, ತಾಮ್ರ, ಹಿತ್ತಾಳೆ. ಕಬ್ಬಿಣಕ್ಕೆ ಮಾತ್ರ ಪ್ರವೇಶವಿಲ್ಲ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪದಲ್ಲಿ ಆಡಿ ಬೆಳೆದ ನನಗೆ, ಅಳತೆಗಾಗಿಯೇ ಇಷ್ಟು ಮಡಿಯಿಂದ ಕಟ್ಟಿದ ಮನೆ ಹೊಸತು.

ಅದು ಹುಟ್ಟಿದ್ದು ಟ್ರಾಮಿನ ದೆಸೆಯಿಂದ. ಮುಂಬಯಿಯ ಕೊಲಾಬಾದಲ್ಲಿ 1840ರ ದಶಕದಿಂದಲೂ ಭೂಕಾಂತವನ್ನು ಅಳೆಯುತ್ತಿದ್ದರು. 1859ರ ಸೆಪ್ಟೆಂಬರಿನ ಮಹಾ ಸೌರ ಬಿರುಗಾಳಿಗೆ ಅಲ್ಲಿನ ಉಪಕರಣವೂ ಸಾಕ್ಷಿ. ಅದೇ ಬಿರುಗಾಳಿಯಲ್ಲಿ, ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದ ದಾಖಲೆಯಲ್ಲಿ ಬಾಲ್ಫರ್ ಸ್ಟೂವರ್ಟ್ ಭೂಕಾಂತೀಯ ಸ್ಪಂದನಗಳನ್ನು, ಅಂದರೆ ಭೂಕಾಂತಕ್ಷೇತ್ರದ ಪುಟ್ಟ ಮಿಡಿತಗಳನ್ನು, ಮೊದಲು ಗುರುತಿಸಿದ. ಮುಂಬಯಿಗೆ ವಿದ್ಯುತ್ ಟ್ರಾಮು ಬರುವ ಸುದ್ದಿ ಹಬ್ಬಿದಾಗ, ಹಳಿಯಿಂದ ನೆಲಕ್ಕೆ ಸೋರುವ ಕರೆಂಟು ಅಳತೆಯನ್ನೇ ಕೆಡಿಸುತ್ತದೆಂಬ ಆತಂಕ ಎದ್ದಿತು. ಕೊಲಾಬಾದ ನಿರ್ದೇಶಕ ನಾನಾಭಾಯಿ ಮೂಸ್ ಅವರ ಕಾಲದಲ್ಲಿ, 1904ರಲ್ಲಿ, ಅಲಿಬಾಗಿನ ಕೇಂದ್ರ ಶುರುವಾಯಿತು. ಆದರೆ ಕೊಲಾಬಾವನ್ನು ಒಡನೆ ಮುಚ್ಚಲಿಲ್ಲ; 1906ರವರೆಗೆ ಎರಡೂ ಕಡೆ ಜೊತೆಜೊತೆಗೆ ಅಳೆದರು. ಹಳೆಯ ಲೆಕ್ಕಕ್ಕೆ ಹೊಸ ಲೆಕ್ಕ ಹೊಂದಲೆಂದು. ಟ್ರಾಮು ಓಡಿದ್ದು 1907ರ ಮೇ ತಿಂಗಳಲ್ಲಿ. ದಾಖಲೆಯ ಎಳೆ ತುಂಡಾಗದಂತೆ ಕಾದ ಆ ಎರಡು ವರ್ಷಗಳ ತಾಳ್ಮೆಯ ಮುಂದೆ ಟ್ರಾಮಿನ ವೈಭವ ನನಗೆ ಸಣ್ಣದು.

ಅಷ್ಟು ಜತನ ಏಕೆಂದರೆ, ಹಿಡಿಯಬೇಕಾದ ಮಿಡಿತ ಅಷ್ಟು ನವಿರು. ನಮ್ಮ ಕಡೆಯ ಭೂಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಸ್ಪಂದನದ ಏರಿಳಿತ ಹಲವು ಸಲ ಒಂದೆರಡು ನ್ಯಾನೊಟೆಸ್ಲಾ ಮಾತ್ರ. ಸೌರಮಾರುತ ಭೂಮಿಯ ಕಾಂತಗೋಳವನ್ನು ಇರುಳಿನ ಕಡೆಗೆ ಬಾಲದಂತೆ ಎಳೆಯುತ್ತದೆ. ಬಿಗಿದ ಬಲರೇಖೆಗಳು ಕಡಿದು ಮತ್ತೆ ಕೂಡಿಕೊಂಡಾಗ ಎಲೆಕ್ಟ್ರಾನುಗಳು ಧ್ರುವಗಳತ್ತ ನುಗ್ಗುತ್ತವೆ. ಅಲ್ಲಿ ಧ್ರುವಪ್ರಭೆಯ ಬೆಳಕು ಒಮ್ಮೆಲೇ ಭುಗಿಲೇಳುತ್ತದೆ. ಅದೇ ಹೊತ್ತಿಗೆ ಮೀಟಿದ ತಂಬೂರಿಯ ತಂತಿಯಂತೆ ಕಾಂತಗೋಳವೂ ಕಂಪಿಸುತ್ತದೆ. 40ರಿಂದ 150 ಸೆಕೆಂಡು ಅವಧಿಯ ಈ ಮಿಡಿತಕ್ಕೆ 'ಪಿಐ-2' ಎಂದು ಹೆಸರು. ಬೆಳಕು ಉತ್ತರದಲ್ಲೇ ಉಳಿದರೂ ಮಿಡಿತ ನಮ್ಮ ಅಕ್ಷಾಂಶದವರೆಗೂ ಬರುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರಾತ್ರಿ ರೈಲಿಗೆ ಕಾದವರ ಕಾಲಡಿಯಲ್ಲೂ ಅದು ಹಾದುಹೋಗಿರುತ್ತದೆ.

2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳು ಕೆಂಪು ಪ್ರಭೆಯನ್ನು ಹಿಡಿದಾಗ ಮೊಬೈಲುಗಳೆಲ್ಲ ಕೆಂಪಾದವು. ಚಿತ್ರ ಚೆಂದವೇ, ಆದರೆ ಅಂಥ ಬೆಳಕು ಅಷ್ಟು ದಕ್ಷಿಣಕ್ಕೆ ಇಳಿಯುವುದು ಅಪರೂಪ. ಮಿಡಿತ ಹಾಗಲ್ಲ, ಅದು ಪದೇ ಪದೇ ಬರುತ್ತದೆ. ಮಿಡಿತದ ಹೊತ್ತಿಗೇ ನುಗ್ಗಿಬರುವ ಆ ಎಲೆಕ್ಟ್ರಾನುಗಳ ದಾಳಿಗೆ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳೂ ಸಿಕ್ಕುತ್ತವೆ. ಅವುಗಳ ಮೈಮೇಲೆ ವಿದ್ಯುದಾವೇಶ ಕೂಡುತ್ತದೆ. ನಮ್ಮ ದೇಶದ ಅಂಥ ಉಪಗ್ರಹಗಳನ್ನು ಹಗಲಿರುಳು ಕಾಯುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲೇ.