100 ಆಕ್ಟೇನ್ ಹಾಕಿಸಿದ್ರೆ ಓಡೋದು ಕಾರಾ, ದುಡ್ಡಾ?

ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಮೆಟ್ರೋದಲ್ಲಿ ಇಯರ್‌ಫೋನ್ ಮರೆತು ಕೂತವರು ಓದ್ಕೊಳ್ಳಿ, ಇಯರ್‌ಫೋನ್ ಇದ್ದವರು ಮೇಲಿರೋ ಪ್ಲೇ ಬಟನ್ ಒತ್ತಿ.

ಕಾರ್ ಲೋನ್ ಬಗ್ಗೆ ಮಾಡಿದ ಎಪಿಸೋಡ್ ಆದ್ಮೇಲೆ ಹುಬ್ಬಳ್ಳಿ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಅಣ್ಣಾ, ನನ್ ಪೋಲೋಗೆ ಏರ್ ಫಿಲ್ಟರ್ ಬದಲಿಸೇನಿ, ಎಕ್ಸಾಸ್ಟ್ ಹಾಕ್ಸೇನಿ, ಸ್ಟೇಜ್ 1 ರೀಮ್ಯಾಪ್ ಮಾಡ್ಸೇನಿ. ಈಗ ರೇಸಿಂಗ್ ಪೆಟ್ರೋಲ್ ಹಾಕ್ಸಿದ್ರ ಪಿಕಪ್ ಎಷ್ಟ್ ಹೆಚ್ಚಾಗತೈತಿ?" ಇದೇ ಪ್ರಶ್ನೆ ಬೆಂಗಳೂರಿನ ಹುಡುಗರಿಂದ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ. ಉತ್ತರ ಒಂದೇ ಸಾಲಿನದಲ್ಲ, ಅದಕ್ಕೇ ಒಂದು ಪೂರ್ತಿ ಎಪಿಸೋಡ್.

ಮೊದಲು ಆಕ್ಟೇನ್ ಅಂದ್ರೇನು ಅನ್ನೋದನ್ನ ಸರಿ ಮಾಡ್ಕೊಳ್ಳೋಣ. ಬಹಳ ಜನ ಅದನ್ನ ಪೆಟ್ರೋಲಿನ 'ಶಕ್ತಿ' ಅಂದ್ಕೊಂಡಿದಾರೆ. ಅಲ್ಲ. ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಆಕ್ಟೇನ್ ಅನ್ನೋದು ಕ್ರೆಡಿಟ್ ಕಾರ್ಡ್ ಲಿಮಿಟ್ ಇದ್ದ ಹಾಗೆ. ಬ್ಯಾಂಕ್‌ನವರು ಲಿಮಿಟ್ ಒಂದು ಲಕ್ಷದಿಂದ ಎರಡು ಲಕ್ಷ ಮಾಡಿದ ಮಾತ್ರಕ್ಕೆ ನಿಮ್ಮ ಸಂಬಳ ಡಬಲ್ ಆಗಲ್ಲ. ಇನ್ನೂ ಎಷ್ಟು ಖರ್ಚು ಮಾಡಬಹುದು ಅನ್ನೋ ಅನುಮತಿ ಸಿಗುತ್ತೆ, ಅಷ್ಟೇ.

ಯಾವುದಕ್ಕೆ ಅನುಮತಿ? ಒತ್ತಡಕ್ಕೆ. ಇಂಜಿನ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್-ಗಾಳಿ ಮಿಶ್ರಣವನ್ನ ಒತ್ತುತ್ತೆ, ಸ್ಪಾರ್ಕ್ ಪ್ಲಗ್ ಕಿಡಿ ಹೊಡೆಯುತ್ತೆ, ಬೆಂಕಿ ಅಲ್ಲಿಂದ ಸಾಲಾಗಿ ಹರಡ್ತಾ ಹೋಗುತ್ತೆ. ದೀಪಾವಳಿಯಲ್ಲಿ ಸರ ಪಟಾಕಿ ಒಂದು ತುದಿಯಿಂದ ಹೊತ್ತಿ ವರಸೆಯಾಗಿ ಸಿಡಿಯೋ ಹಾಗೆ. ಆದ್ರೆ ಒತ್ತಡ, ಬಿಸಿ ಎರಡೂ ಜಾಸ್ತಿ ಆದ್ರೆ ಆ ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿರೋ ಮಿಶ್ರಣ ತಾನಾಗೇ ಒಂದೇ ಸಲ ಢಮಾರ್ ಅನ್ನುತ್ತೆ. ಅದೇ ನಾಕಿಂಗ್. ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಶಬ್ದ. ಹಳೇ ಸ್ಕೂಟರ್‌ನಲ್ಲಿ ಘಾಟ್ ಹತ್ತಿದವರಿಗೆ ಗೊತ್ತಿರುತ್ತೆ. ಜೋರಾಗಿ, ಪದೇ ಪದೇ ಆದ್ರೆ ಪಿಸ್ಟನ್ ಒಡೆಯುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ.

ಈ ನಾಕಿಂಗ್ ಅನ್ನ ಪೆಟ್ರೋಲ್ ಎಷ್ಟು ತಡ್ಕೊಳ್ಳುತ್ತೆ ಅನ್ನೋ ಅಳತೆಯೇ ಆಕ್ಟೇನ್. ಐಸೋ-ಆಕ್ಟೇನ್ ಅನ್ನೋ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ ಸೊನ್ನೆ ಅಂತ ಇಟ್ಕೊಂಡು, ಅವೆರಡರ ಮಿಶ್ರಣದ ಜೊತೆ ಹೋಲಿಸಿ ಅಂಕ ಕೊಡ್ತಾರೆ. ಅಂಕ ಹೆಚ್ಚಿದ್ರೆ ಸಹನೆ ಹೆಚ್ಚು ಅಂತ ಅರ್ಥ. ಎನರ್ಜಿ ಹೆಚ್ಚು ಅಂತಲ್ಲ.

ಇದಕ್ಕೆ ಪುರಾವೆ ನಿಮ್ಮ ಟ್ಯಾಂಕಲ್ಲೇ ಇದೆ, ಅದು ಎಥೆನಾಲ್. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆ ಪ್ರಕಾರ ಎಥೆನಾಲ್‌ನ ಆಕ್ಟೇನ್ ಸುಮಾರು 108.5, ಪೆಟ್ರೋಲಿನದು 84.4. ಆದ್ರೆ ಒಂದು ಲೀಟರ್ ಎಥೆನಾಲ್‌ನಲ್ಲಿರೋ ಎನರ್ಜಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಆಕ್ಟೇನ್ ಜಾಸ್ತಿ, ಎನರ್ಜಿ ಕಮ್ಮಿ. ಎರಡೂ ಬೇರೆ ಬೇರೆ ಖಾತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅದೇ ವಿವರಣೆಯಲ್ಲಿ ಇನ್ನೊಂದು ವಿಷಯ ಇತ್ತು, ಅದು ಸುದ್ದಿಯಾಗಲೇ ಇಲ್ಲ. ಮೊದಲು ನಮ್ಮ ಸಾದಾ ಪೆಟ್ರೋಲ್ 88 ಆಕ್ಟೇನ್ ಇತ್ತು, ಬಿಎಸ್6 ಬಂದ್ಮೇಲೆ 91 ಆಯ್ತು, ಈಗ ಇ20 ಬಂದು 95ಕ್ಕೆ ಏರಿದೆ ಅಂತ ಸರ್ಕಾರ ಹೇಳುತ್ತೆ. ಅಂದ್ರೆ ಐದಾರು ವರ್ಷದ ಹಿಂದೆ ಎಕ್ಸ್‌ಪಿ95 ಅಂತ ಹೆಚ್ಚು ದುಡ್ಡು ಕೊಟ್ಟು ಹಾಕಿಸ್ತಿದ್ದ ಆಕ್ಟೇನ್ ಈಗ ಸಾದಾ ನಾಝಲ್‌ನಿಂದಲೇ ಬರ್ತಿದೆ. ಇ20ಯಿಂದ ಮೈಲೇಜ್ ಬೀಳುತ್ತೆ, ಹಳೇ ಗಾಡಿಗಳ ರಬ್ಬರ್ ಪೈಪಿನ ಚಿಂತೆ ಇದೆ, ಆ ಜಗಳ ಇನ್ನೊಂದು ದಿನ ಮಾಡೋಣ. ಆಕ್ಟೇನ್ ಒಂದರ ಮಟ್ಟಿಗೆ ನೀವು ನೆಲದಿಂದ ಶುರು ಮಾಡ್ತಿಲ್ಲ, ಅರ್ಧ ಮೆಟ್ಟಿಲು ಆಗಲೇ ಹತ್ತಿದೀರಿ.

ಇಲ್ಲಿ ಯೂಟ್ಯೂಬ್ ನೋಡೋರಿಗೆ ಒಂದು ಎಚ್ಚರಿಕೆ. ಅಮೆರಿಕದ ವಿಡಿಯೋದಲ್ಲಿ "93 ಆಕ್ಟೇನ್ ಹಾಕಿದೀನಿ" ಅಂದ್ರೆ ನಮ್ಮ 91ಕ್ಕಿಂತ ಸ್ವಲ್ಪ ಮೇಲೆ ಅಂದ್ಕೋಬೇಡಿ. ಆಕ್ಟೇನ್ ಅಳೆಯೋಕೆ ಎರಡು ವಿಧಾನ ಇದೆ. ಆರ್‌ಒಎನ್ ಅನ್ನೋದರಲ್ಲಿ ಟೆಸ್ಟ್ ಇಂಜಿನ್ 600 ಆರ್‌ಪಿಎಂನಲ್ಲಿ ಆರಾಮಾಗಿ ಓಡುತ್ತೆ. ಎಂಒಎನ್ ಅನ್ನೋದರಲ್ಲಿ 900 ಆರ್‌ಪಿಎಂ, ಮಿಶ್ರಣವನ್ನೂ ಬಿಸಿ ಮಾಡಿ ಒಳಗೆ ಬಿಡ್ತಾರೆ, ಹಾಗಾಗಿ ಅಂಕ ಕಮ್ಮಿ ಬರುತ್ತೆ. ಭಾರತ, ಯುರೋಪ್‌ನಲ್ಲಿ ಬಂಕ್ ಮೇಲೆ ಬರೆಯೋದು ಆರ್‌ಒಎನ್. ಅಮೆರಿಕದಲ್ಲಿ ಬರೆಯೋದು ಎರಡರ ಸರಾಸರಿ. ಹೆಚ್ಚುಕಮ್ಮಿ ಅವರ 87 ನಮ್ಮ 91, ಅವರ 93 ನಮ್ಮ 98. ಇನ್ನೊಂದು ಮಜಾ ಕೇಳಿ: ಫಾರ್ಮುಲಾ 1 ನಿಯಮದಲ್ಲಿ ಬಹಳ ವರ್ಷ ಇದ್ದ ಕನಿಷ್ಠ ಆಕ್ಟೇನ್ ಕೂಡ ಅಮೆರಿಕದ ಲೆಕ್ಕದಲ್ಲಿ 87. ರೇಸಿಂಗ್ ಅಂದ ತಕ್ಷಣ 120, 130 ಅಂತ ತಲೆಯಲ್ಲಿ ಬರೋರು ಇದನ್ನ ನೆನಪಿಟ್ಕೊಳ್ಳಿ.

ಈಗ ಕಾರಿಗೆ ಬರೋಣ. ಇವತ್ತಿನ ಕಾರಿನ ಇಂಜಿನ್ ಬ್ಲಾಕ್ ಮೇಲೆ ಒಂದು ನಾಕ್ ಸೆನ್ಸರ್ ಇರುತ್ತೆ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ ಅದು ಸದಾ ಕೇಳಿಸ್ಕೊಳ್ತಾ ಇರುತ್ತೆ. ನಾಕಿಂಗ್ ಶುರುವಾಯ್ತು ಅನಿಸಿದ್ರೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಕಿಡಿ ಹೊಡೆಯೋ ಸಮಯವನ್ನ ಸ್ವಲ್ಪ ತಡ ಮಾಡುತ್ತೆ. ಇಂಜಿನ್ ಉಳಿಯುತ್ತೆ, ಪಿಕಪ್ ಸ್ವಲ್ಪ ಬೀಳುತ್ತೆ. ಹೆಚ್ಚು ಆಕ್ಟೇನ್ ಹಾಕಿದಾಗ ಹೀಗೆ ತಡ ಮಾಡೋ ಅಗತ್ಯ ಬೀಳಲ್ಲ. ಸಿಗೋ ಲಾಭ ಅಷ್ಟೇ: ಕಳ್ಕೊಳ್ತಿದ್ದನ್ನ ಉಳಿಸ್ಕೊಳ್ಳೋದು.

ಟರ್ಬೋ ಇಲ್ಲದ ಸಾದಾ 1.2 ಲೀಟರ್ ಹ್ಯಾಚ್‌ಬ್ಯಾಕ್‌ನಲ್ಲಿ ಕಳ್ಕೊಳ್ತಾ ಇರೋದೇ ಹೆಚ್ಚೇನಿಲ್ಲ. ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದ್ರೂ ಅದರ ಒತ್ತಡ ಏರಲ್ಲ. ಅಂಥ ಕಾರಿಗೆ 100 ಆಕ್ಟೇನ್ ಹಾಕಿಸೋದು ಅಂದ್ರೆ ಸಿಟಿ ಬಸ್ಸಿಗೆ ವಿಮಾನದ ಟಿಕೆಟ್ ತಗೊಂಡ ಹಾಗೆ. ಹಾಕಿಸಿದ ದಿನ "ಸ್ಮೂತ್ ಆಯ್ತು" ಅನಿಸೋದು ನಿಜ. ದುಡ್ಡು ಕೊಟ್ಟಾಗ ಯಾರಿಗೆ ಅನಿಸಲ್ಲ ಹೇಳಿ?

ಟರ್ಬೋ ಕಾರುಗಳ ಕಥೆ ಬೇರೆ. ಟರ್ಬೋ ಗಾಳಿಯನ್ನ ಒತ್ತಿ ತುಂಬುತ್ತೆ, ಒತ್ತಿದ ಗಾಳಿ ಬಿಸಿಯಾಗುತ್ತೆ, ನಾಕಿಂಗ್ ಗಡಿ ಹತ್ತಿರ ಬರುತ್ತೆ. ಕಂಪನಿ ಸೆಟ್ಟಿಂಗ್‌ನಲ್ಲೇ ಇರೋ ಟರ್ಬೋ ಪೆಟ್ರೋಲ್ ಕಾರಿಗೆ ಬೇಸಿಗೆಯಲ್ಲಿ, ಘಾಟ್‌ನಲ್ಲಿ, ಐದು ಜನ ಕೂತಾಗ ಹೆಚ್ಚಿನ ಆಕ್ಟೇನ್ ಸ್ವಲ್ಪ ಸಹಾಯ ಮಾಡಬಹುದು. ಅದಕ್ಕಿಂತ ಮುಂದೆ ಹೋಗೋದು ರೀಮ್ಯಾಪ್ ಮಾಡಿಸಿದಾಗ ಮಾತ್ರ. ಸ್ಟೇಜ್ 1ರಲ್ಲಿ ಟ್ಯೂನರ್ ಇಂಜಿನ್ ಬಿಚ್ಚೋದೇ ಇಲ್ಲ. ಲ್ಯಾಪ್‌ಟಾಪ್ ಹಾಕಿ ಟರ್ಬೋ ಒತ್ತಡ ಏರಿಸ್ತಾನೆ, ಕಿಡಿ ಸಮಯವನ್ನ ಮುಂದಕ್ಕೆ ತರ್ತಾನೆ. ಕ್ರೆಡಿಟ್ ಲಿಮಿಟ್‌ನ ನಿಜವಾಗ್ಲೂ ಖರ್ಚು ಮಾಡೋದು ಇಲ್ಲಿ.

ಹಾಗಾಗಿ ಹುಬ್ಬಳ್ಳಿಯವರಿಗೆ ನನ್ನ ಮರುಪ್ರಶ್ನೆ: ನಿಮ್ಮ ಮ್ಯಾಪ್ ಯಾವ ಪೆಟ್ರೋಲಿಗೆ ಅಂತ ಬರೆದದ್ದು? 95ಕ್ಕೆ ಬರೆದಿದ್ರೆ 100 ಹಾಕಿಸಿದ್ರೂ ಮ್ಯಾಪ್ ಕೇಳೋದು ಅಷ್ಟೇ, ಉಳಿದ ಸಹನೆ ಟ್ಯಾಂಕಲ್ಲೇ ಸುಮ್ನೆ ಕೂತಿರುತ್ತೆ. 100ಕ್ಕೆ ಬರೆದಿದ್ರೆ ಪಿಕಪ್ ಖಂಡಿತ ಸಿಗುತ್ತೆ, ಆದ್ರೆ ಅಪಾಯವೂ ಇಲ್ಲೇ ಇರೋದು. ಆ ಕಾರಿಗೆ ಇನ್ಮೇಲೆ 100 ಅನ್ನೋದು ಆಸೆ ಅಲ್ಲ, ಅಗತ್ಯ. ಇಂಡಿಯನ್ ಆಯಿಲ್ ಎಕ್ಸ್‌ಪಿ100 ಬಿಟ್ಟಿದ್ದು 2020ರ ಡಿಸೆಂಬರ್‌ನಲ್ಲಿ, ಮೊದಲ ಹಂತದ 10 ನಗರಗಳಲ್ಲಿ ಬೆಂಗಳೂರೂ ಇರಲಿಲ್ಲ, ಎರಡನೇ ಹಂತದ ಪಟ್ಟಿಗೆ ಬಂತು. ಎಚ್‌ಪಿಯ ಪವರ್ 100 ಕೂಡ ಇದೆ. ಇವು ದೊಡ್ಡ ನಗರಗಳ ಆಯ್ದ ಬಂಕ್‌ಗಳ ಮಾಲು, ತಾಲ್ಲೂಕು ಊರಿನ ಬಂಕ್‌ನಲ್ಲಿ ಹುಡುಕಬೇಡಿ.

ಒಂದು ಪ್ರಯಾಣ ಊಹಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು, ಸಂಜೆ ತಂಪು. ಟ್ಯೂನಿಂಗ್ ಆಗಿದ್ದು ಇಲ್ಲಿ. ಮೇ ತಿಂಗಳಲ್ಲಿ ಕಾರು ಫುಲ್ ಲೋಡ್ ಹಾಕ್ಕೊಂಡು ಶಿರಾಡಿ ಇಳಿದು ಮಂಗಳೂರು ಸೇರುತ್ತೆ. ಅಲ್ಲಿ ಗಾಳಿ ದಟ್ಟ, ಸೆಖೆ. ಟ್ಯಾಂಕ್ ಖಾಲಿ ಅಂತ ದಾರೀಲಿ ಸಿಕ್ಕ ಬಂಕ್‌ನಲ್ಲಿ ಸಾದಾ ಪೆಟ್ರೋಲ್ ಹಾಕಿಸ್ತೀರಿ. ವಾಪಸ್ ಬರುವಾಗ ಅದೇ ಘಾಟ್ ಹತ್ತಬೇಕು, ಲಾರಿ ಓವರ್‌ಟೇಕ್ ಮಾಡೋಕೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಕು. ನಾಕ್ ಸೆನ್ಸರ್ ಒಂದಷ್ಟು ಕಾಪಾಡುತ್ತೆ. ಆದ್ರೆ ಆ ಸೆನ್ಸರ್‌ನ ಸೂಕ್ಷ್ಮತೆಯನ್ನೇ ಕಮ್ಮಿ ಮಾಡಿ ಡೈನೋ ಶೀಟ್‌ನಲ್ಲಿ ದೊಡ್ಡ ನಂಬರ್ ತೋರಿಸೋ ಟ್ಯೂನಿಂಗೂ ಇರುತ್ತೆ. ಅಂಥ ಕಾರು ಘಾಟ್ ಮಧ್ಯದಲ್ಲಿ ಏನಾಗುತ್ತೆ ಅನ್ನೋದು ಅದೃಷ್ಟಕ್ಕೆ ಬಿಟ್ಟಿದ್ದು. ರೀಮ್ಯಾಪ್ ಆದ ಇಂಜಿನ್‌ಗೆ ಕಂಪನಿ ವಾರಂಟಿ ಕೊಡಲ್ಲ ಅನ್ನೋದನ್ನೂ ಸೇರಿಸ್ಕೊಳ್ಳಿ. ನನ್ನ ಅಭಿಪ್ರಾಯ ಕೇಳಿದ್ರೆ, ಬೆಂಗಳೂರು ಬಿಟ್ಟು ಆಚೆ ಓಡೋ ಯಾವ ಕಾರಿಗೂ 95ರ ಮ್ಯಾಪೇ ಸರಿ. ಹತ್ತು ಹಾರ್ಸ್‌ಪವರ್ ಕಮ್ಮಿ ಸಿಕ್ಕಿದ್ರೂ ನಿದ್ದೆ ಚೆನ್ನಾಗಿ ಬರುತ್ತೆ.

ಇನ್ನು ನನ್ನ ಸಬ್ಜೆಕ್ಟ್, ಲೆಕ್ಕ. ಎಕ್ಸ್‌ಪಿ100 ಶುರುವಾದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಆಗ ಸಾದಾ ಪೆಟ್ರೋಲ್ 82ರ ಆಸುಪಾಸು. ಈಗ ಅಂತರ ಲೀಟರಿಗೆ 55 ರೂಪಾಯಿ ಅಂತ ಇಟ್ಕೊಳ್ಳೋಣ. 40 ಲೀಟರ್ ಟ್ಯಾಂಕಿಗೆ 2,200 ಹೆಚ್ಚು. ತಿಂಗಳಿಗೆ ಮೂರು ಟ್ಯಾಂಕ್ ಅಂದ್ರೆ 6,600, ವರ್ಷಕ್ಕೆ 79,200. ಆ ದುಡ್ಡಲ್ಲಿ ನಾಲ್ಕು ಒಳ್ಳೇ ಟೈರ್, ಬ್ರೇಕ್ ಪ್ಯಾಡ್, ಸರಿಯಾದ ಗ್ರೇಡಿನ ಇಂಜಿನ್ ಆಯಿಲ್ ಎಲ್ಲಾ ಬಂದು ಇನ್ನೂ ಮಿಗುತ್ತೆ. ಕಾರು ನಿಜವಾಗ್ಲೂ ವೇಗವಾಗಿ, ಅದಕ್ಕಿಂತ ಮುಖ್ಯವಾಗಿ ವೇಗವಾಗಿ ನಿಲ್ಲೋ ಹಾಗೆ ಆಗೋದು ಇವುಗಳಿಂದ. ಒಂದು ವಿನಾಯಿತಿ ಕೊಡ್ತೀನಿ: ಎಕ್ಸ್‌ಪಿ100ನಲ್ಲಿ ಎಥೆನಾಲ್ ಇಲ್ಲ. ತಿಂಗಳಿಗೊಮ್ಮೆ ಹೊರತೆಗೆಯೋ ಹಳೇ ಕಾರು, ಹಳೇ ಬೈಕ್ ಇಟ್ಕೊಂಡವರು ಆ ಕಾರಣಕ್ಕೆ ಹಾಕಿಸಿದ್ರೆ ಅರ್ಥ ಇದೆ. ಅದು ಪಿಕಪ್‌ಗಾಗಿ ಅಲ್ಲ, ಪೈಪು-ಕಾರ್ಬ್ಯುರೇಟರ್ ಉಳಿಸೋಕೆ.

ಇಷ್ಟು ಹೊತ್ತು ಹೇಳಿದ್ದು ಬಂಕ್‌ನಲ್ಲಿ ಸಿಗೋ ಪ್ರೀಮಿಯಂ ಪೆಟ್ರೋಲ್ ಬಗ್ಗೆ. ನಿಜವಾದ ರೇಸ್ ಫ್ಯುಯೆಲ್, ಟ್ರ್ಯಾಕ್‌ಗೆ ಡ್ರಮ್‌ನಲ್ಲಿ ಬರೋದು, ಬೇರೆಯದೇ ಪ್ರಾಣಿ. ಅವುಗಳಲ್ಲಿ ಕೆಲವಕ್ಕೆ ಈಗಲೂ ಸೀಸ ಬೆರೆಸ್ತಾರೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಹಿಡಿದ ಉಪಾಯ ಅದು. ನಾಕಿಂಗ್ ನಿಂತಿತು, ಜನರ ರಕ್ತಕ್ಕೆ ಸೀಸ ಸೇರ್ತು. ಭಾರತ 2000ದ ಫೆಬ್ರವರಿಯಲ್ಲಿ ಬಂಕ್‌ಗಳಿಂದ ಅದನ್ನ ತೆಗೆದುಹಾಕಿತು. ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸ್ತು. ಸಣ್ಣ ವಿಮಾನಗಳ 100ಎಲ್ಎಲ್ ಪೆಟ್ರೋಲಲ್ಲಿ ಇನ್ನೂ ಇದೆ. ಹೆಸರಲ್ಲಿರೋ ಎಲ್ಎಲ್ ಅಂದ್ರೆ 'ಲೋ ಲೆಡ್', ಆದ್ರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. "ಏರ್‌ಪೋರ್ಟ್ ಪೆಟ್ರೋಲ್ ಸಿಗುತ್ತೆ ಮಗಾ" ಅಂತ ಯಾರಾದ್ರೂ ಕ್ಯಾನ್ ಹಿಡ್ಕೊಂಡು ಬಂದ್ರೆ ದಯವಿಟ್ಟು ಬೇಡ ಅನ್ನಿ. ಸೀಸ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಪದರವಾಗಿ ಕೂತು ಅದನ್ನ ಸಾಯಿಸುತ್ತೆ, ಆಕ್ಸಿಜನ್ ಸೆನ್ಸರ್‌ನೂ ಹಾಳು ಮಾಡುತ್ತೆ. ಸೀಸ ಇಲ್ಲದ ರೇಸ್ ಫ್ಯುಯೆಲ್‌ಗಳಲ್ಲೂ ಕೆಲವಕ್ಕೆ ಆಮ್ಲಜನಕ ಇರೋ ರಾಸಾಯನಿಕ ಸೇರಿಸಿರ್ತಾರೆ, ಅವಕ್ಕೆ ಹೆಚ್ಚು ಇಂಧನ ಸುರಿಯೋ ಹಾಗೆ ಮ್ಯಾಪ್ ಬದಲಿಸಬೇಕು. ಸುಮ್ನೆ ಸುರಿದ್ರೆ ಇಂಜಿನ್‌ಗೆ ಪೆಟ್ರೋಲ್ ಸಾಲದೆ ಬಿಸಿಯೇರುತ್ತೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕ್ಯಾನ್‌ಗಟ್ಟಲೆ ಇಟ್ಕೊಳ್ಳೋದರ ಬಗ್ಗೆ ನಾನು ಹೇಳೋದೇ ಬೇಡ.

ಆನ್‌ಲೈನ್‌ನಲ್ಲಿ ಸಿಗೋ ಆಕ್ಟೇನ್ ಬೂಸ್ಟರ್ ಬಾಟಲ್? ಲೇಬಲ್ ಮೇಲೆ "5 ಪಾಯಿಂಟ್ ಏರುತ್ತೆ" ಅಂತ ಇದ್ರೆ ಸ್ವಲ್ಪ ನಿಲ್ಲಿ. ಆ ವ್ಯಾಪಾರದಲ್ಲಿ 10 ಪಾಯಿಂಟ್ ಅಂದ್ರೆ ಒಂದು ಆಕ್ಟೇನ್ ಅಂತ ಲೆಕ್ಕ ಹಾಕೋ ಪದ್ಧತಿ ಇದೆ. 95 ಇದ್ದದ್ದು 100 ಆಗಲ್ಲ, 95.5 ಆಗುತ್ತೆ. ಮ್ಯಾಂಗನೀಸ್ ಇರೋ ಬೂಸ್ಟರ್ ಆದ್ರೆ ಸ್ಪಾರ್ಕ್ ಪ್ಲಗ್ ಮೇಲೆ ಕೆಂಪು-ಕಿತ್ತಳೆ ಬಣ್ಣದ ಪದರ ಕೂರುತ್ತೆ.

ಇಷ್ಟೆಲ್ಲಾ ಕೇಳಿದ್ಮೇಲೂ "ನನ್ನ ಕಾರಿಗೆ ಲಾಭ ಇದೆಯಾ ಅಂತ ನೋಡ್ಲೇಬೇಕು" ಅನ್ನೋರು ಬಂಕ್ ಹುಡುಗನನ್ನ ಕೇಳಬೇಡಿ, ಕಾರನ್ನೇ ಕೇಳಿ. ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತಗೊಳ್ಳಿ, ಫೋನಲ್ಲಿ ಆ್ಯಪ್ ಹಾಕಿ, ಇಗ್ನಿಷನ್ ಟೈಮಿಂಗ್ ನೋಡಿ. ಮೊದಲು ಸಾದಾ ಪೆಟ್ರೋಲ್. ಆಮೇಲೆ ಟ್ಯಾಂಕ್ ಹೆಚ್ಚುಕಮ್ಮಿ ಖಾಲಿ ಮಾಡಿ 100 ಹಾಕಿ. ಅರ್ಧ ಟ್ಯಾಂಕ್ 95ರ ಮೇಲೆ ಅರ್ಧ 100 ಸುರಿದ್ರೆ ಸಿಗೋದು 97.5ರ ಸುತ್ತಮುತ್ತ, ಟೆಸ್ಟ್ ಕೆಟ್ಟುಹೋಗುತ್ತೆ. ಹೊಸ ಪೆಟ್ರೋಲಿಗೆ ಇಸಿಯು ಹೊಂದ್ಕೊಳ್ಳೋಕೆ ಸ್ವಲ್ಪ ಓಡಿಸಿ. ಫುಲ್ ಥ್ರಾಟಲ್ ಪರೀಕ್ಷೆ ನೈಸ್ ರೋಡಲ್ಲಿ ಬೇಡ, ಟ್ಯೂನರ್ ಹತ್ರ ಡೈನೋ ಮೇಲೆ, ಎರಡೂ ಸಲ ಒಂದೇ ಹವಾಮಾನದಲ್ಲಿ ಮಾಡಿಸಿ. ಎರಡೂ ಸಲ ಟೈಮಿಂಗ್ ಒಂದೇ ಇದ್ರೆ 95ರಲ್ಲೇ ನಿಮ್ಮ ಇಂಜಿನ್‌ಗೆ ಬೇಕಾದ್ದೆಲ್ಲಾ ಸಿಗ್ತಿದೆ ಅಂತ. 100ರಲ್ಲಿ ಮೂರ್ನಾಲ್ಕು ಡಿಗ್ರಿ ಮುಂದೆ ಬಂದಿದ್ರೆ ಟ್ಯೂನರ್‌ನ ಪಕ್ಕಕ್ಕೆ ಕರೆದು, ಮ್ಯಾಪ್ ಯಾವ ಪೆಟ್ರೋಲಿಗೆ ಬರೆದದ್ದು ಅಂತ ಬರವಣಿಗೆಯಲ್ಲೇ ಕೇಳಿ. ಶೀಟ್ ಸಿಕ್ರೆ ನನಗೂ ಒಂದು ಫೋಟೋ ಕಳಿಸಿ.